ಒಂದು ಟೈರು ಸಾಕು ಅಂದವರಿಗೆ

ಕುಂದಲಹಳ್ಳಿ,
21-11-2012, ಬುಧವಾರ

ಮಸ್ಕತ್ತಿನಲ್ಲಿರುವ ನಮ್ಮ ಮನೆಯವರಿಗೆ,

ಧನಲಕ್ಷ್ಮಿಯ ನಮಸ್ಕಾರ. ನಿಮ್ಮ ಸೊಂಟದ ನೋವು ಹೇಗಿದೆ? ಮರಳಿನಲ್ಲಿ ದಿನವಿಡೀ ಕಂಪನಿ ಗಾಡಿ ಓಡಿಸಿ ಬಂದು ಹಾಗೇ ತಣ್ಣನೆಯ ನೆಲದ ಮೇಲೆ ಮಲಗಬೇಡಿ. ಹೋದ ತಿಂಗಳು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಅದನ್ನೂ ರೂಮಿನವರಿಗೆ ದಾನ ಮಾಡಿದಿರೋ? ಮಗಳು ಚೆನ್ನಾಗಿ ಓದುತ್ತಿದ್ದಾಳೆ. ಅತ್ತೆ ಇದ್ದಾರೆ. ನಾವೆಲ್ಲ ಕ್ಷೇಮ ಎಂದು ಬರೆಯಬೇಕಿತ್ತು, ಕೈ ಬರಲಿಲ್ಲ. ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂತ ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಬಾಯಿ ತೆರೆದರೆ ನೀವು "ಆಮೇಲ್ ಮಾಡ್ತೀನಿ ಕಣೇ" ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲಿಕ್ಕಾಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪೂರ್ತಿ ಓದಿ. ನನಗೆ ಬಂದಿರುವ ಕೋಪ ಇಷ್ಟಿಷ್ಟಲ್ಲ.

ಮೊನ್ನೆ ನೀವು ಹೇಳಿದ್ದು ಒಂದೇ ಮಾತು. ಭಾನುವಾರ ನಿಮ್ಮ ಸ್ನೇಹಿತ ನಲ್ಲಪ್ಪ ಬರುತ್ತಾರೆ, ಅವರು ಕೊಡುವ ಫಾರಂಗೆ ಅಮ್ಮನ ಸಹಿ ಹಾಕಿಸಿಟ್ಟು ಜೀಪಿನ ಬೀಗದ ಕೈ ಕೊಟ್ಟು ಕಳಿಸು, ಮಾತಾಗಿದೆ. ಅಷ್ಟೇ! ಜೀಪು ಹೋದರೆ ನಿಮ್ಮ ತಾಯಿಯನ್ನು ಮಂಗಳವಾರ ಶುಕ್ರವಾರ ಡಯಾಲಿಸಿಸ್‌ಗೆ ಹೇಗೆ ಕರೆದುಕೊಂಡು ಹೋಗಲಿ ಎಂದು ನಾನು ಕೇಳಿದ್ದು ನಿಮ್ಮ ಕಿವಿಗೆ ಬೀಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಭಾನುವಾರ ಕಳೆದೇ ಹೋಗಿರುತ್ತದೆ. ಇರಲಿ, ನಿಮ್ಮ ಅಪ್ಪಣೆ ಕೇಳುವುದಕ್ಕೆ ಬರೆಯುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿಮಗೆ ಎಲ್ಲವೂ ಅರ್ಧರ್ಧ ಗೊತ್ತು. ಜಮೀನು ಟೆಕ್ ಪಾರ್ಕಿನವರಿಗೆ ಹೋದಾಗ ಅತ್ತೆಯ ಪಾಲಿಗೆ ಬಂದ ದುಡ್ಡಿನಲ್ಲಿ ಆ ಸೆಕೆಂಡ್ ಹ್ಯಾಂಡ್ ಜೀಪು ತಂದಿರಿ. ಆರ್.ಸಿ.ಯಲ್ಲಿ ಇರುವುದೂ ಪಿಳ್ಳಮ್ಮ ಎಂಬ ಅವರ ಹೆಸರೇ. ಆರು ತಿಂಗಳು ಗೆಳೆಯರನ್ನು ತುಂಬಿಕೊಂಡು ಬೆಟ್ಟ ಗುಡ್ಡ ಹತ್ತಿದಿರಿ. ಮಸ್ಕತ್ತಿಗೆ ಹೊರಡುವಾಗ ಹೆಂಡತಿಗೆ ಹೇಳಿದ ಬುದ್ಧಿಮಾತಿಗಿಂತ ಜೀಪಿನ ಬಗ್ಗೆ ಹೇಳಿದ್ದೇ ಹೆಚ್ಚು. ಯಾರಿಗೂ ಓಡಿಸಲು ಕೊಡಬಾರದು, ಶುಕ್ರವಾರ ಶುಕ್ರವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಬೇಕು, ಆಯುಧ ಪೂಜೆಗೆ ತೊಳೆದು ಟೈರುಗಳಿಗೆ ಕಪ್ಪು ಪಾಲಿಶ್ ಬಳಿಯಬೇಕು. ಎಲ್ಲ ಮಾಡಿದೆ. ಮೂರು ಆಯುಧ ಪೂಜೆಗೂ ಕುಕ್ಕರಗಾಲಿನಲ್ಲಿ ಕುಳಿತು ಬ್ರಷ್ ಹಿಡಿದು ಬಳಿದವಳು ನಾನೇ. ವರ್ಷಕ್ಕೆ ಒಂದು ದಿನ ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸಿದ್ದು ಬಿಟ್ಟರೆ ಆ ಗಾಡಿ ಅಲ್ಲಾಡಲಿಲ್ಲ. ನೋಡಿದವರೆಲ್ಲ "ಏನಕ್ಕಾ, ಟೈರು ಒಸಾದಿದ್ದಂಗೈತೆ" ಅನ್ನುತ್ತಿದ್ದರು, ನಾನೂ ಹಿಗ್ಗುತ್ತಿದ್ದೆ. ಮೇಲೆ ಥಳುಕು ಒಳಗೆ ಹುಳುಕು ಅಂತ ನನಗೇನು ಗೊತ್ತು? ಮೂರು ವರ್ಷ ಬಿಸಿಲಿನಲ್ಲಿ ನಿಂತಲ್ಲೇ ನಿಂತ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಆ ಬಿರುಕಿಗೆ ನಾನು ವರ್ಷ ವರ್ಷ ಬಣ್ಣ ಬಳಿದು ಕುಂಕುಮ ಇಟ್ಟಿದ್ದೆ.

ನಿಮಗೆ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ತೆಗೆದುಕೊಂಡಿದ್ದು ನಿಜ. ಅದಕ್ಕೆ ನೀವು ಫೋನಿನಲ್ಲಿ ಹಾರಾಡಿದ್ದೂ ನಿಜ. ಆದರೆ ನೀವಿಲ್ಲಿ ಬಂದು ನೋಡಿದ್ದೀರಾ? ಚರಂಡಿ ಪೈಪ್ ಹಾಕುತ್ತೇವೆ ಎಂದು ನಮ್ಮ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಅಗೆದು ಐದು ತಿಂಗಳಾಯಿತು. ಮಳೆ ಬಂದರೆ ಮೊಳಕಾಲುದ್ದ ಕೆಸರು. ಆಟೋದವರು ಮೇನ್ ರೋಡಿನಲ್ಲೇ ನಿಂತು "ಒಳಗ್ ಬರಲ್ಲ ಮೇಡಂ" ಅನ್ನುತ್ತಾರೆ, ಕ್ಯಾಬಿನವರು ಫೋನೇ ಎತ್ತುವುದಿಲ್ಲ. ಅತ್ತೆಗೆ ಹತ್ತು ಹೆಜ್ಜೆ ನಡೆದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಈ ಸಲದ ಆಯುಧ ಪೂಜೆ ಕಳೆದ ಶುಕ್ರವಾರ ಜೋರು ಮಳೆ, ಒಂದು ಗಾಡಿಯೂ ಬರಲಿಲ್ಲ. ಜೀಪಿನ ಕವರ್ ಕಿತ್ತೆಸೆದು ಅತ್ತೆಯನ್ನು ಕೂರಿಸಿ, ನಾಲ್ಕು ಚಕ್ರವೂ ಎಳೆಯುವ ಹಾಗೆ ಫೋರ್ ವೀಲ್ ಹಾಕಿ ಹೊರಟೇಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಕೆಸರು ದಾಟಿದಾಗ ನನ್ನ ಮೇಲೆ ನನಗೇ ಎಷ್ಟು ಹೆಮ್ಮೆಯಾಯಿತು ಗೊತ್ತಾ? ಟಾರು ರಸ್ತೆಗೆ ಬಂದು ಫೋರ್ ವೀಲ್ ತೆಗೆದು, ಮಹದೇವಪುರದ ಹತ್ತಿರ ರಿಂಗ್ ರೋಡಿಗೆ ಸೇರಿದ್ದೇ ತಡ, ಹಿಂದಿನ ಎಡಗಡೆಯ ಟೈರು ಢಮ್ಮೆಂದಿತು. ಗಾಡಿ ಪಕ್ಕದಲ್ಲಿದ್ದ ಬಸ್ಸಿನ ಕಡೆಗೇ ಎಳೆಯಿತು. ಹೇಗೆ ನಿಲ್ಲಿಸಿದೆನೋ ಆ ಮುನೇಶ್ವರನಿಗೇ ಗೊತ್ತು. ಅತ್ತೆಯ ಭುಜ ಬಾಗಿಲಿಗೆ ಬಡಿಯಿತು. ಸ್ಟೆಪ್ನಿ ಬಿಚ್ಚಿಸಿದರೆ ಅದೂ ಅದೇ ಜಾತಿ, ಪಕ್ಕದಲ್ಲೆಲ್ಲ ಸೀಳು. ಗಾಡಿ ಅಲ್ಲೇ ಬಿಟ್ಟು ಆಟೋ ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅತ್ತೆಗೆ ಇಟ್ಟಿದ್ದ ಮೆಷಿನ್ ಬೇರೆಯವರಿಗೆ ಹೋಗಿತ್ತು. ಸಂಜೆಯವರೆಗೆ ಬೆಂಚಿನ ಮೇಲೆ ಮೈ ಊದಿಸಿಕೊಂಡು ಏದುಸಿರು ಬಿಡುತ್ತ ಕುಳಿತರು. ಇನ್ನೊಂದು ಸಲ ಹೀಗೆ ತಡವಾದರೆ ಎದೆಗೆ ನೀರು ತುಂಬಿಕೊಳ್ಳುತ್ತದೆ, ಆಗ ನಮ್ಮನ್ನು ಕೇಳಬೇಡಿ ಎಂದು ಡಾಕ್ಟರಮ್ಮ ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಆಗ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ನಿಮಗೆ ಫೋನ್ ಮಾಡಿದೆ. ನಿಮ್ಮ ಮೊದಲ ಮಾತು ಏನು ನೆನಪಿದೆಯಾ? "ಗಾಡಿಗೇನಾದ್ರೂ ಆಯ್ತಾ?" ಎರಡನೆಯದು "ರಿಮ್ ಬೆಂಡಾಯ್ತಾ?" ಅಮ್ಮ ಹೇಗಿದ್ದಾಳೆ ಅನ್ನುವುದು ಮೂರನೆಯದೂ ಅಲ್ಲ ಕಣ್ರೀ. ನಾನಾಗಿ ಹೇಳಿದ ಮೇಲೆ "ಓ ಹೌದಾ" ಅಂದಿರಿ. ನಿಮ್ಮ ಜೊತೆ ಬಾಳುವೆ ಮಾಡಿದ ಹನ್ನೊಂದು ವರ್ಷದಲ್ಲಿ ನನಗೆ ಅಷ್ಟು ಹೊಟ್ಟೆ ಉರಿದದ್ದು ಅದೇ ಮೊದಲು.

ಕುಂದಲಹಳ್ಳಿ ಗೇಟಿನ ಟೈರಂಗಡಿ ನರಸಪ್ಪಣ್ಣ ಅವತ್ತೇ ಹೇಳಿದರು: "ಅಮ್ಮಾ, ಇದು ಫೋರ್ ವೀಲ್ ಗಾಡಿ. ನಾಕೂ ಒಂದೇ ಕಂಪ್ನಿ, ಒಂದೇ ಅಳ್ತೆ ಇರ್ಬೇಕು. ಆಕಿದ್ರೆ ನಾಕೂ ಆಕ್ಸಿ, ಇಲ್ದಿದ್ರೆ ಓಡಿಸ್ಬ್ಯಾಡಿ." ನಿಮ್ಮನ್ನು ಕೇಳಿದೆ. ಒಂದು ಟೈರು ಸಾಕು, ಉಳಿದದ್ದು ನಾನು ಬಂದಾಗ ನೋಡೋಣ, ಅಂಗಡಿಯವರು ಹೆಂಗಸರನ್ನು ಕಂಡರೆ ಟೋಪಿ ಹಾಕುತ್ತಾರೆ ಅಂದಿರಿ. ಹೋದ ವರ್ಷ ರಜಕ್ಕೆ ಬಂದಾಗ ನೀವೇ ಅಲ್ಲವೇ ಊಟದ ಮುಂದೆ ಕುಳಿತು ಕೊಚ್ಚಿಕೊಂಡಿದ್ದು, ನಮ್ಮ ಕಂಪನಿಯಲ್ಲಿ ಒಂದು ಟೈರು ಹೋದರೂ ನಾಲ್ಕೂ ಒಟ್ಟಿಗೆ ಬದಲಾಯಿಸುತ್ತಾರೆ, ಸೇಫ್ಟಿ ಅಂದರೆ ಅದು ಅಂತ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಶೇಖನ ಗಾಡಿಗೆ ನಾಲ್ಕು, ಹೆತ್ತ ತಾಯಿ ಕೂರುವ ಗಾಡಿಗೆ ಒಂದು!

ಗಂಡನ ಮಾತು ಅಂತ ಒಂದೇ ಹಾಕಿಸಿದೆ. ನನ್ನ ತಪ್ಪು ಅದು, ಒಪ್ಪಿಕೊಳ್ಳುತ್ತೇನೆ. ಮುಂದಿನ ಶುಕ್ರವಾರ ಕೆಸರು ದಾಟಿ, ಟಾರಿನ ಮೇಲೂ ಸ್ವಲ್ಪ ದೂರ ಹಾಗೇ ಬಂದು, ಫೋರ್ ವೀಲ್ ತೆಗೆಯಲು ಹೋದರೆ ಆ ಸಣ್ಣ ಗೇರು ಕಡ್ಡಿ ಜಪ್ಪಯ್ಯ ಅಂದರೂ ಬರಲಿಲ್ಲ. ಕೆಳಗಿನಿಂದ ಕಟಕಟ ಸದ್ದು, ಸ್ಟೇರಿಂಗ್ ತಿರುಗಿಸಲು ಹೋದರೆ ಕಲ್ಲು. ಹಿಂದೆ ನೂರು ಗಾಡಿಗಳ ಹಾರನ್ನು, ಪಕ್ಕದಲ್ಲಿ ಅತ್ತೆ ಸೆರಗು ಕಚ್ಚಿಕೊಂಡು ಕುಳಿತಿದ್ದರು. ನರಸಪ್ಪಣ್ಣನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಪುಣ್ಯಾತ್ಮ ಅಂಗಡಿ ಬಿಟ್ಟು ಗಾಡಿ ಹತ್ತಿ ಬಂದರು. ಹಿಂದಿನವರನ್ನೆಲ್ಲ ಬೈದು ಸರಿಸಿ, ನನ್ನಿಂದಲೇ ನೆಟ್ಟಗೆ ಹತ್ತು ಮಾರು ರಿವರ್ಸ್ ಹೊಡೆಸಿದರು. ಕಡ್ಡಿ ತಾನಾಗಿ ಸಡಿಲವಾಯಿತು. ಹೊಸ ಟೈರು ದಪ್ಪ, ಹಳೆಯವು ಸಣ್ಣ. ಫೋರ್ ವೀಲಿನಲ್ಲಿ ಹಿಂದಿನದೂ ಮುಂದಿನದೂ ಒಟ್ಟಿಗೇ ತಿರುಗಬೇಕು, ಅಳತೆ ಬೇರೆಯಾದರೆ ಒಂದನ್ನೊಂದು ಎಳೆದಾಡಿ ಒಳಗಿನ ಗೇರಿನ ಹಲ್ಲೇ ಮುರಿಯುತ್ತದೆ ಎಂದು ಸಿಟ್ಟಿನಿಂದಲೇ ತಿಳಿಸಿ ಹೇಳಿದರು. ಅವತ್ತೂ ಮುಕ್ಕಾಲು ಗಂಟೆ ತಡ. ಮೆಷಿನ್ ಸಿಕ್ಕಿತು, ಬಚಾವಾದೆವು. ಆಸ್ಪತ್ರೆಯಿಂದ ಸೀದಾ ಹೋಗಿ ನನ್ನ ಚೀಟಿ ಎತ್ತಿ, ಉಳಿದ ಮೂರಕ್ಕೂ ಸ್ಟೆಪ್ನಿಗೂ ಹೊಸ ಟೈರು ಹಾಕಿಸಿದೆ. ನಿಮ್ಮನ್ನು ಕೇಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ತಡವಾಗಿಲ್ಲ. ನಿನ್ನೆ ಕಾಲು ಗಂಟೆ ಮುಂಚೆಯೇ ಹೋದೆವು. ನರ್ಸು ಆಶ್ಚರ್ಯಪಟ್ಟಳು.

ಈಗ ನಲ್ಲಪ್ಪನವರ ವಿಷಯಕ್ಕೆ ಬನ್ನಿ. ಮೂರು ವರ್ಷ ಈ ಜೀಪು ಇದೆಯೋ ಸತ್ತಿದೆಯೋ ಎಂದು ಕೇಳದವರು ಹೋದ ವಾರ ಬೀದಿಯಲ್ಲಿ ನನ್ನನ್ನು ಕಂಡು, ಮನೆಗೆ ಬಂದು, ಹೊಸ ಟೈರನ್ನು ಕಾಲಿನಿಂದ ಒದ್ದು ನೋಡಿ, "ಸಕ್ಕತ್ತಾಗಿದೆ ಸಿಸ್ಟರ್, ಹೆಂಗಸ್ರಿಗ್ಯಾಕೆ ಈ ಗಾಡಿ" ಅಂದರು. ಮಾರನೇ ದಿನವೇ ನೀವು ಅದೇ ಮಾತನ್ನು ಮಸ್ಕತ್ತಿನಿಂದ ಒಪ್ಪಿಸಿದಿರಿ. ಅವರಿಗೆ ಗೆಳೆಯರ ಜೊತೆ ಕೆಸರಿನಲ್ಲಿ ಆಟವಾಡಲು ಬೇಕಂತೆ. ರೀ, ನಾವು ಆ ಕೆಸರಿನಲ್ಲಿ ಜೀವ ಕೈಲಿ ಹಿಡಿದುಕೊಂಡು ಓಡಾಡುತ್ತಿದ್ದೇವೆ! ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ದೊಡ್ಡವರು ಹೇಳಿದ್ದು ನಿಮ್ಮಂಥವರನ್ನು ನೋಡಿಯೇ ಇರಬೇಕು. ಕಠಿಣವಾಯಿತೇನೋ. ಆಗಲಿ, ಅಳಿಸುವುದಿಲ್ಲ.

ವೇಳೆಗೆ ಸರಿಯಾಗಿ ಊಟ ಮಾಡಿ. ನಾನು ಬೈದೆನೆಂದು ಊಟ ಬಿಟ್ಟು ಕೂರಬೇಡಿ, ನಿಮ್ಮ ಆ ಚಾಳಿ ನನಗೆ ಗೊತ್ತು. ಮಗಳು ಮುತ್ತು ಕಳಿಸಿದ್ದಾಳೆ. ಅತ್ತೆ, ಮಗ ಎಲ್ಲಿದ್ದರೂ ತಣ್ಣಗಿರಲಿ ಅಂದರು. ಅವರು ಹಾಗೆ ಅನ್ನುತ್ತಾರೆ, ತಾಯಿ ನೋಡಿ.

ಇಂತಿ ನಿಮ್ಮ ಮೇಲೆ ಕೋಪ ಇನ್ನೂ ಇಳಿಯದ,
ಧನಲಕ್ಷ್ಮಿ

ತಾ.ಕ.: ಅಂಟಿಸಿದ ಕವರು ಬಿಡಿಸಿ ಅವಸರದಲ್ಲಿ ಬರೆಯುತ್ತಿದ್ದೇನೆ. ಗಾಡಿ ಹೆಸರು ಬದಲಾಯಿಸುವ ಆರ್.ಟಿ.ಓ. ಫಾರಂ ನಲ್ಲಪ್ಪ ಇಲ್ಲಿ ಕೊಟ್ಟು ಹೋಗಿದ್ದರು. ಅಮ್ಮನ ಸಹಿ ಹಾಕಿಸಿಡು, ಕೊಳ್ಳುವವರ ಹೆಸರು ಖಾಲಿ ಇರಲಿ, ಅವನು ಬೇಕಾದವರ ಹೆಸರು ಬರೆದುಕೊಳ್ಳುತ್ತಾನೆ ಎಂದು ನೀವೇ ಹೇಳಿದ್ದಿರಿ. ಅತ್ತೆ ಈಗ ತಾನೆ ಆ ಫಾರಂ ಪೂರ್ತಿ ಓದಿಸಿಕೊಂಡು, ಸೂಜಿ ಚುಚ್ಚಿ ಊದಿದ ಕೈಯಲ್ಲೇ ಪಿಳ್ಳಮ್ಮ ಅಂತ ಸಹಿ ಹಾಕಿದರು. ಆಮೇಲೆ ಖಾಲಿ ಜಾಗದ ಮೇಲೆ ಬೆರಳಿಟ್ಟು "ಇಲ್ಲಿ ನಿನ್ ಎಸ್ರು ಬರಿ" ಅಂದರು. ಬರೆದೆ. ನಾಳೆ ಬೆಳಗ್ಗೆ ಇಬ್ಬರೂ ಆರ್.ಟಿ.ಓ. ಆಫೀಸಿಗೆ ಹೋಗುತ್ತಿದ್ದೇವೆ. ಭಾನುವಾರ ನಲ್ಲಪ್ಪ ಬಂದರೆ ಕಾಫಿ ಕೊಟ್ಟು ಕಳಿಸುತ್ತೇನೆ.