ಗೋಡೆಯೊಳಗಿನ ತಂತಿಯಲ್ಲಿ ಬಂದ ಮುಖ

ಮನೆಯಿಂದ,
ಭಾನುವಾರ, ೧೭ನೇ ತಾರೀಖು, ಊಟವಾದ ಮೇಲೆ

ಪ್ರೀತಿಯ ನಮ್ಮ ಮನೆಯವರಿಗೆ,

ಪ್ರೀತಿ ಎಂದು ಬರೆದದ್ದು ಅಭ್ಯಾಸಬಲದಿಂದ. ಈ ಗಳಿಗೆಯಲ್ಲಿ ನನ್ನಲ್ಲಿ ಸಿಟ್ಟೇ ಹೆಚ್ಚಾಗಿದೆ. ಆದರೂ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಆರೋಗ್ಯವಾಗಿದ್ದೀರಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ನಿದ್ದೆ ಬರುತ್ತಿದೆಯೇ? ಫೋನಿನಲ್ಲಿ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತೀರಿ. ಜಗಳ ತೆಗೆದರೆ, ಸರಿಯಾದ ಮಾತು ನನ್ನ ಬಾಯಿಗೆ ಬರುವ ಹೊತ್ತಿಗೆ "ಹಲೋ, ಹಲೋ, ಕೇಳಿಸ್ತಿಲ್ಲ ಕಣೆ" ಎಂದು ಇಟ್ಟೇಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ನಿಮ್ಮಿಂದ ಆಗುವುದಿಲ್ಲ. ಇಲ್ಲಿ ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಮಾವನ ಗಂಟಲು ಇನ್ನಷ್ಟು ಗಟ್ಟಿಯಾಗಿದೆ, ನನಗೆ ಕನ್ನಡಕದ ಅಂಗಡಿಯಲ್ಲಿ ಕೈತುಂಬ ಕೆಲಸ. ಹೋದ ಭಾನುವಾರದಿಂದ ನೀವು ಮುಖ ತೋರಿಸಿಲ್ಲ. ಕೇಳಿದರೆ ಕ್ಯಾಮೆರಾ ಕೆಟ್ಟಿದೆ ಅನ್ನುತ್ತೀರಿ. ಅದು ಕೆಟ್ಟಿಲ್ಲ ಎಂದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಹೇಳುವುದಕ್ಕೇ ಕೂತಿದ್ದೇನೆ, ಪೂರ್ತಿ ಓದಿ.

ನೀವು ಹಡಗು ರಿಪೇರಿಯ ಯಾರ್ಡಿಗೆ ವೆಲ್ಡಿಂಗ್ ಕೆಲಸಕ್ಕೆ ಹೋದಾಗಿನಿಂದ ಈ ಮನೆಯಲ್ಲಿ ನಿಮ್ಮ ಮುಖವನ್ನು ನೆಟ್ಟಗೆ ನೋಡಿದವರಿಲ್ಲ. ನಮ್ಮ ಮನೆ ನಿಮಗೆ ಗೊತ್ತಲ್ಲ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆ. ಇಂಟರ್‌ನೆಟ್ಟಿನ ಪೆಟ್ಟಿಗೆ ಬೀದಿ ಬದಿಯ ಕೋಣೆಯಲ್ಲಿ, ಅತ್ತೆಯ ಮಂಚ ಅಡುಗೆಮನೆ ಪಕ್ಕದ ಕೋಣೆಯಲ್ಲಿ. ನಡುವೆ ಆನೆ ಗುದ್ದಿದರೂ ಅಲುಗದಂಥ ಗೋಡೆಗಳು. ಅತ್ತೆ ಮುಂದಿನ ಕೋಣೆಯವರೆಗೆ ನಡೆಯಲಾರರು, ಸಿಗ್ನಲ್ ಹಿಂದಿನ ಕೋಣೆಯವರೆಗೆ ಬರಲಾರದು. ಹೀಗಾಗಿ ಪ್ರತಿ ಭಾನುವಾರ ನಮಗೆ ಕಾಣುತ್ತಿದ್ದದ್ದು ಬಣ್ಣಬಣ್ಣದ ಚೌಕಗಳು ಮಾತ್ರ. ಆ ಚೌಕಗಳಲ್ಲಿ ಯಾವುದು ಮೂಗು, ಯಾವುದು ಬಾಯಿ ಎಂದು ನಾನೂ ಅತ್ತೆಯೂ ವಾದ ಮಾಡುತ್ತಿದ್ದೆವು. ಊರವರಿಗೆಲ್ಲ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿ ಕಾಣುವಂತೆ ಲೆನ್ಸ್ ಅರೆದು ಕೊಡುವವಳು ನಾನು, ಕಟ್ಟಿಕೊಂಡ ಗಂಡನ ಮುಖ ಕಾಣುವುದಿಲ್ಲವೆಂದರೆ ಹೊಟ್ಟೆ ಉರಿಯುವುದಿಲ್ಲವೇ? ಮುಂದಿನಿಂದ ಹಿಂದಕ್ಕೆ ಒಂದು ವೈರು ಎಳೆಸೋಣವೆಂದರೆ ಮನೆ ಮಾಲೀಕರು ಗೋಡೆಗೆ ತೂತು ಹಾಕಲು ಬಿಡುವುದಿಲ್ಲ. ಮೊಳೆ ಹೊಡೆದರೂ ಓಡಿ ಬರುವ ಮನುಷ್ಯ ಅವರು.

ಕೊನೆಗೆ ಎಲೆಕ್ಟ್ರಿಕ್ ಅಂಗಡಿಯವರು ಒಂದು ದಾರಿ ಹೇಳಿದರು. ಗೋಡೆಯೊಳಗೆ ಹೇಗೂ ಕರೆಂಟಿನ ತಂತಿ ಇದೆ, ಅದರಲ್ಲೇ ಇಂಟರ್‌ನೆಟ್ಟನ್ನೂ ಹರಿಸಬಹುದಂತೆ. ಸೋಪಿನ ಡಬ್ಬಿಯಷ್ಟು ದೊಡ್ಡ ಎರಡು ಅಡಾಪ್ಟರ್. ಒಂದನ್ನು ಮುಂದಿನ ಕೋಣೆಯ ಪ್ಲಗ್ಗಿಗೆ ಹಾಕಿ ಇಂಟರ್‌ನೆಟ್ ಪೆಟ್ಟಿಗೆಗೆ ಜೋಡಿಸಬೇಕು, ಇನ್ನೊಂದನ್ನು ಹಿಂದಿನ ಕೋಣೆಯ ಪ್ಲಗ್ಗಿಗೆ ಹಾಕಬೇಕು. ಅಷ್ಟೇ, ಸುತ್ತಿಗೆಯೂ ಬೇಡ, ಮಾಲೀಕರ ಕಾಲು ಹಿಡಿಯುವುದೂ ಬೇಡ. ಅವತ್ತೇ ನಿಮಗೆ ಹೇಳಿದೆ. ಹಿಗ್ಗುತ್ತೀರಿ ಅಂದುಕೊಂಡಿದ್ದೆ. "ಯಾಕೆ ಸುಮ್ನೆ ಅದೆಲ್ಲ? ಧ್ವನಿ ಕೇಳಿಸುತ್ತಲ್ಲ, ಸಾಕು ಬಿಡು" ಅಂದಿರಿ. ಪಾಪ, ಮನೆಗೆ ಖರ್ಚಾಗಬಾರದೆಂದು ಯೋಚಿಸುತ್ತಾರಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಎಂಥ ಪೆದ್ದಿ ನಾನು!

ತಂದು ಹಾಕಿದರೆ ಮೊದಲಿಗಿಂತ ಕಡೆಯಾಯಿತು. ಚೌಕಗಳೂ ಬರಲಿಲ್ಲ. ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ, ಇದನ್ನು ಮಾರಲು ನಾಚಿಕೆಯಾಗುವುದಿಲ್ಲವೇ ಎಂದು ಬಾಯಿಗೆ ಬಂದಂತೆ ಅಂದೆ. ಅವರು "ಎಲ್ಲಿಗೆ ಚುಚ್ಚಿದ್ದೀರಮ್ಮ?" ಎಂದು ಕೇಳಿದರು. ಎಲ್ಲಿಗೆ ಎಂದರೆ? ನಮ್ಮ ಮನೆಯಲ್ಲಿ ಯಾವುದನ್ನಾದರೂ ನೇರವಾಗಿ ಗೋಡೆಗೆ ಚುಚ್ಚಲು ನಿಮ್ಮ ಅಪ್ಪ ಬಿಟ್ಟಿದ್ದುಂಟೇ? ಅದ್ಯಾವ ಕಾಲದಲ್ಲೋ ಸಿಡಿಲಿಗೆ ಟೀವಿ ಸುಟ್ಟ ಮೇಲೆ, ಕೆಂಪು ಗುಂಡಿಯ ಆ ಬಿಳಿ ಸ್ಪೈಕ್ ಬೋರ್ಡಿಲ್ಲದೆ ಈ ಮನೆಯಲ್ಲಿ ಒಂದು ಫೋನು ಚಾರ್ಜ್ ಆಗಿದ್ದಿಲ್ಲ. ಅದಕ್ಕೆ ಅವರು ಇಟ್ಟ ಹೆಸರೇ ಕಾವಲುಗಾರ. ಕರೆಂಟಿನಲ್ಲಿ ಬರುವ ಏರುಪೇರನ್ನೆಲ್ಲ ಸೋಸಿ ಕಳಿಸುವುದು ಆ ಬೋರ್ಡಿನ ಕೆಲಸ. ಇಂಟರ್‌ನೆಟ್ ತಂತಿಯೊಳಗೆ ಸಾಗುವುದೇ ಅಂಥ ಸಣ್ಣ ಮಿಡಿತವಾಗಿ. ಎರಡೂ ತುದಿಯಲ್ಲಿ ಕಾವಲುಗಾರ ಅದನ್ನೂ ಕಳ್ಳನೆಂದುಕೊಂಡು ಬಾಗಿಲಲ್ಲೇ ತಡೆದು ಕೂತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಇನ್ನು ಮಾವನ ಜೊತೆ ನಡೆದ ಯುದ್ಧವನ್ನು ಏನೆಂದು ಬರೆಯಲಿ! "ನಾಳೆ ಸಿಡಿಲು ಬಡಿದ್ರೆ ನೀನು ಜವಾಬ್ದಾರೀನಾ?" ಎಂದು ಪ್ಲಗ್ಗಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಆಕಾಶದಲ್ಲಿ ಹತ್ತಿಯಷ್ಟು ಮೋಡ ಇರಲಿಲ್ಲ. ಹೌದು, ನಾನೇ ಜವಾಬ್ದಾರಿ ಎಂದು ಕುರ್ಚಿ ಸಮೇತ ಅವರನ್ನು ಪಕ್ಕಕ್ಕೆ ಸರಿಸಿ, ಎರಡೂ ಕಡೆ ಬೋರ್ಡು ಕಿತ್ತು ನೇರವಾಗಿ ಗೋಡೆಗೆ ಹಾಕಿದೆ. ಹಾಕಿದ್ದೇ ತಡ, ಹಿಂದಿನ ಕೋಣೆಯಲ್ಲಿ ಹಸಿರು ದೀಪ ಹತ್ತಿತು, ಸಿನಿಮಾ ನೀರಿನ ಹಾಗೆ ಓಡಿತು. ಅತ್ತೆ ಮಿಕ್ಸಿ ಹಾಕಿದರೆ ಮಾತ್ರ ಚಿತ್ರ ಚೂರುಚೂರಾಗುತ್ತದೆ. ಅದರ ಮೋಟಾರಿನ ಗಲಾಟೆಯೂ ಅದೇ ತಂತಿಯಲ್ಲಿ ಬರುತ್ತದಂತೆ. ಹಾಗಾಗಿ ನಿಮ್ಮ ಫೋನು ಬರುವ ಹೊತ್ತಿಗೆ ಮಿಕ್ಸಿ, ಪಂಪು ಎಲ್ಲಕ್ಕೂ ರಜೆ. ಮಾವ ಈಗ ದಿನವಿಡೀ ಅಲ್ಲೇ ಕೂತು ಕುಸ್ತಿ ನೋಡುತ್ತಾರೆ. ಬಂದವರಿಗೆಲ್ಲ "ನೇರವಾಗಿ ಗೋಡೆಗೆ ಹಾಕ್ಬೇಕು ಅಂತ ನಾನು ಮೊದಲೇ ಹೇಳಿದ್ದೆ" ಅನ್ನುತ್ತಾರೆ.

ಇಷ್ಟೆಲ್ಲ ಒದ್ದಾಡಿದ್ದು ಯಾಕೆ? ನಿಮ್ಮ ಮುಖ ನೋಡುವುದಕ್ಕೆ. ಅದನ್ನು ತಂದು ಹಾಕಿದ ಸಂಗತಿ ನಿಮಗೆ ಹೇಳದೆ ಆಶ್ಚರ್ಯಪಡಿಸೋಣ ಎಂದುಕೊಂಡೆ. ಹೋದ ಭಾನುವಾರ ಚಿತ್ರ ಬಂತು. ಏನು ಚಿತ್ರ ರೀ! ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ್ದು ಎನ್ನುವುದೂ ಕಂಡಿತು. ಅತ್ತೆ "ಮಗ ಬೆಳ್ಳಗಾಗಿದ್ದಾನೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನೀವು ಎಂದಿನಂತೆ ಅರ್ಧ ಮುಖ ತಿರುಗಿಸಿಕೊಂಡು, ಮಾತಾಡುತ್ತಲೇ ಫ್ಲಾಸ್ಕಿನಿಂದ ಲೋಟಕ್ಕೆ ಚಹಾ ಬಗ್ಗಿಸಿದಿರಿ. ಬಗ್ಗಿಸುವ ಮೊದಲು ಫ್ಲಾಸ್ಕಿನ ಬಾಯನ್ನು ಲೋಟದ ಅಂಚಿಗೆ ತಾಗಿಸಿ, ತಾಗಿತೆಂದು ಖಾತ್ರಿ ಮಾಡಿಕೊಂಡಿರಿ. ಆದರೂ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು. ಎಡಗಡೆಯಿಂದ ಯಾರೋ ಕರೆದರು. ಕಣ್ಣು ಹೊರಳಿಸಿದ್ದರೆ ಸಾಕಿತ್ತು, ನೀವು ಇಡೀ ಕತ್ತನ್ನೇ ತಿರುಗಿಸಿದಿರಿ. ಆಮೇಲೆ ಪರದೆಯ ಕಡೆ ನೋಡಿ "ಅರೆ, ನಿನ್ನ ಹಿಂದಿರೋ ಕ್ಯಾಲೆಂಡರ್ ಕೂಡ ಓದೋಕಾಗ್ತಿದೆ" ಅಂದಿರಿ. ನಿಮಗೆ ನಾನು ಅಷ್ಟು ಚೆನ್ನಾಗಿ ಕಾಣುತ್ತಿದ್ದರೆ ನನಗೂ ನೀವು ಹಾಗೇ ಕಾಣುತ್ತೀರಿ ಎಂದು ಆಗ ಹೊಳೆದಿರಬೇಕು. ಮುಖ ಸಪ್ಪಗಾಯಿತು, ಕ್ಯಾಮೆರಾ ಕತ್ತಲಾಯಿತು.

ರೀ, ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದೇ ಕಣ್ಣಿನಲ್ಲಿ ನೋಡುವವರು ನೀರು ಹೇಗೆ ಬಗ್ಗಿಸಿಕೊಳ್ಳುತ್ತಾರೆ, ಹೇಗೆ ಕತ್ತು ತಿರುಗಿಸುತ್ತಾರೆ ಎಂದು ದಿನಾ ನೋಡುತ್ತೇನೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ತಿಳಿಯುವುದಿಲ್ಲವೇ? ನಿಮ್ಮ ಎಡಗಣ್ಣು ಹೋಗಿದೆ. ಬೇಸಿಗೆಯಲ್ಲಿ ನೀವು ಫೋನೇ ಮಾಡದ ಆ ದಿನಗಳಲ್ಲಿ, ಅವಸರದ ಹಡಗು, ಓವರ್‌ಟೈಮು ಎಂದು ನನ್ನ ಕಿವಿಗೆ ಹೂ ಇಟ್ಟಿರಲ್ಲ, ಆಗಲೇ ಹೋಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ನಾನು ಗೋಡೆಯನ್ನು ಬೈದೆ, ಅಂಗಡಿಯವರನ್ನು ಬೈದೆ, ವಯಸ್ಸಾದ ಮಾವನನ್ನು ಬೈದೆ. ಬೈಸಿಕೊಳ್ಳಬೇಕಾದವರು ಕಿಟಕಿಗೆ ಬೆನ್ನು ಹಾಕಿ, ನೆರಳಿನಲ್ಲಿ ಕೂತು, ಲೈನು ಸರಿಯಿಲ್ಲದ್ದೇ ಒಳ್ಳೆಯದಾಯಿತು ಎಂದು ನಿಟ್ಟುಸಿರು ಬಿಡುತ್ತಿದ್ದರು. ಒಂದು ಕಣ್ಣು ಕಾಣದ ಗಂಡನನ್ನು ಮನೆಯೊಳಗೆ ಸೇರಿಸುವುದಿಲ್ಲ ಎಂದುಕೊಂಡಿರಾ? ಅತ್ತು ರಂಪ ಮಾಡುತ್ತೇನೆ ಎಂದುಕೊಂಡಿರಾ? ಹೌದು, ಅತ್ತಿದ್ದೇನೆ. ಸೋಮವಾರ ಲೆನ್ಸ್ ಅರೆಯುವ ಯಂತ್ರದ ಮುಂದೆ ಅತ್ತು ಗಿರಾಕಿಯೊಬ್ಬರ ಲೆನ್ಸ್ ಹಾಳು ಮಾಡಿದೆ. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದಲ್ಲಿ ಯಾರಿದ್ದರು? ಕಟ್ಟು ಬಿಚ್ಚಿದಾಗ ಯಾರ ಮುಖ ನೋಡಿದಿರಿ? ಅಲ್ಲಿ ನಾನಿರಬೇಕಿತ್ತು. ಅದನ್ನು ನನ್ನಿಂದ ಕಸಿದುಕೊಂಡಿರಲ್ಲ, ಆ ಸಿಟ್ಟು ಮಾತ್ರ ಬೇಗ ಇಳಿಯುವುದಿಲ್ಲ.

ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ನನ್ನ ಕಡೆಯಿಂದ ಬೈಗುಳವೂ, ಬೈಗುಳದಡಿಯಲ್ಲಿ ಇರುವುದೆಲ್ಲವೂ.

ಇಂತಿ,
ನಿಮ್ಮ ಸಿಡುಕಿ

ತಾ.ಕ.: ಕೊರಿಯರಿನವರು ಬಾಗಿಲು ಹಾಕುವುದರೊಳಗೆ ಓಡಬೇಕು, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಜೊತೆಗಿರುವ ಡಬ್ಬಿಯಲ್ಲಿ ಒಂದು ಕನ್ನಡಕವಿದೆ. ನಂಬರಿಲ್ಲದ ಲೆನ್ಸ್, ನಾನೇ ಅರೆದದ್ದು. ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ, ಹೊಡೆದೇ ನೋಡಿದ್ದೇನೆ. ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡಿರಿ, ವೆಲ್ಡಿಂಗಿನ ಮುಖವಾಡದ ಒಳಗೂ. ನಿಮ್ಮಲ್ಲಿ ಉಳಿದಿರುವುದು ಒಂದೇ. ಅದನ್ನು ಈ ವಾರವೇ ಡಾಕ್ಟರಿಗೆ ತೋರಿಸಿ, ಅವರೇನು ಹೇಳಿದರೆಂದು ನನಗೆ ಸುಳ್ಳಿಲ್ಲದೆ ತಿಳಿಸಿ. ಅತ್ತೆಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಬರುವ ಭಾನುವಾರ ಬೆಳಕಿಗೆ ಮುಖ ಮಾಡಿ ಕೂತು ನೀವೇ ಹೇಳಿ. ನಾನು ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತೇನೆ.