ಬಿಳಿ ವಸ್ತ್ರದ ಗಂಟು

ನನ್ನ ಒಡಲೊಳಗಿನ ಕೂಸೇ,

ಉಮರ್ಗಾದ ದವಾಖಾನೆಯ ಬಾಕಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಪಾಳಿ ಬರಲು ಇನ್ನೂ ಹೊತ್ತಿದೆ. ನಿನ್ನಪ್ಪ ಸೂರ್ಯಕಾಂತ ಬಾಗಿಲ ಬಳಿ ಶತಪಥ ಹಾಕುತ್ತಾ, ನನ್ನ ಕಡೆ ತಿರುಗಿದಾಗಲೆಲ್ಲ ನಗುಮುಖ ಮಾಡುತ್ತಿದ್ದಾರೆ. ಆ ನಗು ನೋಡಿದರೇ ನನಗೆ ಹೆಚ್ಚು ಭಯ.

ಹೋದ ಸಲ ಬಂದಾಗ ನನ್ನ ಬೀಪಿ ಏರಿತ್ತು. ಇವತ್ತೂ ಇಳಿಯದಿದ್ದರೆ ದಿನ ತುಂಬುವ ಮೊದಲೇ ನಿನ್ನನ್ನು ಹೊರಗೆ ತೆಗೆಯಬೇಕಾದೀತು ಎಂದು ಡಾಕ್ಟರಬಾಯಿ ಹೇಳಿದರು. ಹೇಳಿ, "ತಾಈ, ಟೆನ್ಶನ್ ಘೇಊ ನಕಾ" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ, ಬೆನ್ನು ತಟ್ಟಿ ಕಳಿಸಿದರು. ಅಂದಿನಿಂದ ಎಲ್ಲರ ಬಾಯಲ್ಲೂ ಅದೇ. ನಮ್ಮ ಕಿರಾಣಿ ಅಂಗಡಿಗೆ ಬರುವ ಗಿರಾಕಿಗಳೂ "ಟೆನ್ಶನ್ ತಗೋಬ್ಯಾಡವ್ವ" ಎನ್ನುತ್ತಾರೆ, ನಾನೇನೋ ಅದನ್ನು ಸಂತೆಯಲ್ಲಿ ತೂಗಿಸಿ ತಂದಿಟ್ಟುಕೊಂಡವಳ ಹಾಗೆ. ಚಿಂತೆ ಮಾಡಬಾರದೆಂಬುದೇ ಹೊಸ ಚಿಂತೆಯಾಯಿತು.

ಈ ಬೇಸಿಗೆ ನಮ್ಮ ಕಾಸಾರಶಿರಸಿಯ ಬಾವಿಗಳೆಲ್ಲ ಬತ್ತಿವೆ. ಟ್ಯಾಂಕರಿನ ಹಾರ್ನ್ ಯಾವಾಗ ಕೇಳುತ್ತದೋ ಯಾರಿಗೂ ತಿಳಿಯದು. ಉಣ್ಣಲು ಕೂತರೂ ಕಿವಿ ಬೀದಿಯಲ್ಲೇ ಇರುತ್ತದೆ.

ಎಂಟನೇ ತಿಂಗಳು ಹಿಡಿದಾಗ ನಮ್ಮ ಅಯ್ಯನವರು, ವಿಶ್ವನಾಥಯ್ಯ, ಮನೆಗೆ ಬಂದು ನಿನ್ನ ಇಷ್ಟಲಿಂಗವನ್ನು ನನ್ನ ಕೊರಳಿಗೆ ಕಟ್ಟಿದರು. ನೀನು ಹುಟ್ಟುವ ತನಕ ಅದರ ಪೂಜೆಯೂ ನನ್ನದೇ. ನನ್ನ ಲಿಂಗ ಬೆಳ್ಳಿ ಕರಡಿಗೆಯಲ್ಲಿ, ನಿನ್ನದು ಬಿಳಿ ವಸ್ತ್ರದಲ್ಲಿ.

ನಿನ್ನೆ ಬೆಳಿಗ್ಗೆ ಪೂಜೆ ಮುಗಿದು ಎರಡೂ ಹಲಗೆಯ ಮೇಲಿದ್ದವು. ಹಾರ್ನ್ ಕೇಳಿತು. "ಏಳಬ್ಯಾಡ, ಸೂರ್ಯಾ ಹೋಗ್ಯಾನ" ಎಂದು ನಿನ್ನ ಅಜ್ಜಿ ಭಾಗೀರಥಿಬಾಯಿ ಕೂಗುತ್ತಿದ್ದರೂ ಕೊಡ ಹಿಡಿದು ಹೊರಟೇಬಿಟ್ಟೆ. ಪಾಳಿಯಲ್ಲಿ ನಿಂತು, ಯಾರೋ ಕೊಟ್ಟ ಒಂದು ಗುಟುಕು ನೀರು ಕುಡಿದು, ಎದೆಯ ಮೇಲೆ ಕೈಯಿಟ್ಟುಕೊಂಡೆ. ಕರಡಿಗೆ ಇರಲಿಲ್ಲ. ಲಿಂಗ ಮೈಮೇಲಿಲ್ಲದೆ ಉಗುಳು ಸಹ ನುಂಗಬಾರದೆಂದು ಕೇಳಿ ಬೆಳೆದವಳು ನಾನು. ಇದು ನಿನಗೆ ತಟ್ಟಿದರೆ? ಕೊಡ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅಜ್ಜಿ ಹಲಗೆಯ ಪಕ್ಕದಲ್ಲಿ ಕೂತಿದ್ದರು. ಇನ್ನೊಬ್ಬರ ಲಿಂಗ ಮುಟ್ಟಬಾರದಲ್ಲ, ಮುಟ್ಟದೆ ಕಾವಲು ಕಾಯುತ್ತಿದ್ದರು. "ಅತ್ತಿ, ನಾ ಕೂಸಿಗೆ ಕೇಡು ತಂದೇನ್ರೀ" ಎನ್ನುವಷ್ಟರಲ್ಲಿ ಅಳು ಬಂತು. ಬೈಗುಳಕ್ಕೆ ಕಾದೆ. ಅವರು ನನ್ನ ಕೊರಳನ್ನೇ ನೋಡಿದರು. ನಿನ್ನ ಬಿಳಿ ವಸ್ತ್ರ ಅಲ್ಲಿತ್ತು, ಬಿಗಿಯಾಗಿ ಗಂಟು ಹಾಕಿಕೊಂಡು. ಅದನ್ನು ಯಾವಾಗ ಕಟ್ಟಿಕೊಂಡೆನೋ ನನಗೇ ನೆನಪಿಲ್ಲ.

"ನಿಂದು ಮರತಿ, ಕೂಸಿಂದು ಮರತಿಲ್ಲ" ಎಂದರು. "ಅಂಥಾ ಗಾಬರಿಯೊಳಗ ಅದನ್ನ ಯಾರು ಕಟ್ಟಿದ್ರು? ನಿನ್ನ ಕೈನೇ ಕಟ್ಟ್ಯಾವ. ಎದಿ ಡಬಡಬ ಅಂದ್ರ ಕೇಡು ಬಂತು ಅಂತ ಯಾಕ ತಿಳ್ಕೋತಿ? ಕೂಸಿನ ಸಲುವಾಗಿ ಮೈ ಎದ್ದು ನಿಂತದ ಅಂತ ತಿಳ್ಕೋ. ಕೂಡು, ಶಿವಗ ಕೈಮುಗದು ನಿಂದೂ ಕಟ್ಕೋ."

ಅಷ್ಟಕ್ಕೇ ಚಿಂತೆ ಹೋಯಿತೆಂದರೆ ಸುಳ್ಳಾಗುತ್ತದೆ. ಇಲ್ಲಿಗೆ ಬರುವಾಗ ಬಸ್ಸು ಗುಂಡಿಯಲ್ಲಿ ಇಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡೆ. ಆದರೆ ನನ್ನ ಎದೆಯ ಜೊತೆ ಜಗಳವಾಡುವುದನ್ನು ಬಿಟ್ಟಿದ್ದೇನೆ. ಅದು ಬಡಿದುಕೊಂಡರೆ, ಆಯಿತು, ಎಚ್ಚರವಿದ್ದೀಯಲ್ಲ ಎಂದು ಹೇಳಿ ಉಸಿರು ಬಿಡುತ್ತೇನೆ. ಬೀಪಿಯ ಯಂತ್ರ ಇದನ್ನು ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ.

ಇನ್ನು ನನ್ನದೇ ಪಾಳಿ. ಎದೆ ಮತ್ತೆ ಡಬಡಬ ಎನ್ನುತ್ತಿದೆ, ನಿನಗದು ನನಗಿಂತ ಹತ್ತಿರದಲ್ಲಿ ಕೇಳುತ್ತಿರಬೇಕು. ಹೆದರಬೇಡ ಕಂದಾ. ನೀನು ಇವತ್ತೇ ಬಂದರೂ, ದಿನ ತುಂಬಿ ಬಂದರೂ, ಅದು ನಿನ್ನನ್ನು ಎತ್ತಿಕೊಳ್ಳಲು ನಿನ್ನ ಅವ್ವ ಓಡಿ ಬರುತ್ತಿರುವ ಸದ್ದು.

ಶಿವ ನಿನಗೆ ತುಂಬು ಆಯುಷ್ಯ ಕೊಡಲಿ.

ನಿನ್ನದನ್ನು ಮರೆಯದ,
ಅವ್ವ