‘ಇತ್ತ ತಾ’ ಎನ್ನದ ದಿನ

ಗಾಳಿದೋಣಿ ಕಟ್ಟೆ, ವಿಜಯಪುರ
ಜನವರಿ 32, 2231

ಪೂಜ್ಯ ಕಮಲಾಕ್ಷಿ ಅಜ್ಜಿಯವರ ಪಾದಗಳಿಗೆ, ಏಳು ತಲೆಮಾರಿನಾಚೆಯ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು. ನಿಮಗಿನ್ನೂ ನಲವತ್ತೆರಡು, ನನಗೆ ಐವತ್ತಾರು. ಆದರೂ ಅಜ್ಜಿ ಎಂದು ಕರೆದೆನೆಂದು ಸಿಟ್ಟಾಗಬೇಡಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೂ ಕ್ಷಮೆಯಿರಲಿ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಬಂತೆಂದು ಮಾತ್ರ ಕೇಳಬೇಡಿ, ಅದು ನಮ್ಮ ಅಂಚೆಯವರಿಗೇ ಸರಿಯಾಗಿ ಗೊತ್ತಿಲ್ಲ.

ಜನವರಿ ಮೂವತ್ತೆರಡು ಎಂದು ಬರೆದದ್ದು ಕೈತಪ್ಪಲ್ಲ. ನಮ್ಮವರು ಫೆಬ್ರವರಿಯ ಒಂದು ದಿನವನ್ನು ಕಿತ್ತು ಜನವರಿಗೆ ಅಂಟಿಸಿದ್ದಾರೆ. ಪಾಪ, ಅದು ಮೊದಲೇ ಬಡ ತಿಂಗಳು. ಹೀಗೆ ಸಿಕ್ಕ ದಿನಕ್ಕೆ ‘ಕೈಕಟ್ಟು’ ಎಂದು ಹೆಸರು. ನಿಮ್ಮ ಕಾಲದಲ್ಲಿ ಒಬ್ಬರು ಕೈ ಕಟ್ಟಿ ಕೂತಿದ್ದಾರೆಂದರೆ ಬೈಗುಳವಂತೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಿಮ್ಮ ದಿನಚರಿಯ ಒಂದು ಹಾಳೆ ನಮ್ಮ ಮನೆಯಲ್ಲಿ ಉಳಿದಿದೆ. ನೀವು ಬರೆದದ್ದು ಹೀಗೆ: ‘ಕಚೇರಿಯಲ್ಲಿ ಒಬ್ಬರಿಗೂ ನೆಟ್ಟಗೆ ಒಂದು ನಕ್ಷೆ ಬಿಡಿಸಲು ಬಾರದು. ಕೊನೆಯ ಮೇಜಿನ ಹೊಸ ಹುಡುಗಿಗಂತೂ ಕಲಿಯುವ ಮನಸ್ಸೇ ಇಲ್ಲ. ಇತ್ತ ತಾ ಎಂದು ಎಲ್ಲವನ್ನೂ ನಾನೇ ಮಾಡಬೇಕು.’ ಅಜ್ಜಿ, ಆ ‘ಇತ್ತ ತಾ’ ನಿಮ್ಮ ಮೂಗಿನ ಜೊತೆಗೇ ನಮ್ಮ ವಂಶದಲ್ಲಿ ಇಳಿದುಬಂದಿದೆ. ನನ್ನ ಪಾಲಿಗೆ ಎರಡೂ ಸ್ವಲ್ಪ ಉದ್ದವಾಗಿಯೇ ಬಂದಿವೆ.

ನಾನು ಗಾಳಿದೋಣಿ ನಡೆಸುವವಳು. ಬಟ್ಟೆಯ ದೊಡ್ಡ ಹೊಟ್ಟೆಯಲ್ಲಿ ಹಗುರ ಗಾಳಿ ತುಂಬಿಕೊಂಡು, ಮನೆಗಳ ಮಾಳಿಗೆಗಿಂತ ಸ್ವಲ್ಪವೇ ಮೇಲೆ ತೇಲುವ ವಾಹನ ಇದು. ಬಾಗಲಕೋಟೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಪ್ರಯಾಣಿಕರು ರೊಟ್ಟಿ ಬುತ್ತಿ ಬಿಚ್ಚಿ ಉಂಡು ಒಂದು ನಿದ್ದೆ ತೆಗೆಯುತ್ತಾರೆ. ನಮ್ಮ ನೆರಳು ಬಿದ್ದು ಸಂಡಿಗೆ ಒಣಗುವುದಿಲ್ಲವೆಂದು ಮಾಳಿಗೆಯ ಮೇಲಿನ ಹೆಂಗಸರು ಬೈಯುತ್ತಾರೆ, ಬೈದವರೇ ನಾಳೆ ತವರಿಗೆ ಹೋಗಲು ನಮ್ಮ ದೋಣಿ ಹತ್ತುತ್ತಾರೆ.

ನಮ್ಮಲ್ಲಿ ಯಾವ ಕೆಲಸಕ್ಕೆ ಸೇರಿದರೂ ಮೂರು ವರ್ಷ ಒಬ್ಬ ‘ಬೆನ್ನುಗಾರ’ ಇರುತ್ತಾನೆ. ಮುಂದೆ ನಿಂತು ಎಳೆಯುವವನಲ್ಲ, ಬೆನ್ನಿಗೆ ನಿಲ್ಲುವವನು. ಮೂರನೆಯ ವರ್ಷದ ಕೈಕಟ್ಟಿನಂದು ಶಿಷ್ಯರು ಒಬ್ಬರೇ ಕೆಲಸ ಮಾಡಬೇಕು, ಬೆನ್ನುಗಾರ ಹಿಂದೆ ಕೂರಬೇಕು, ಅವನ ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದೆಳೆ ಹತ್ತಿಯ ದಾರದಿಂದ ಕಟ್ಟುತ್ತಾರೆ. ನಿಜವಾದ ಅಪಾಯ ಬಂದರೆ ಹರಿಯಲೇಬೇಕು, ಅದಕ್ಕೇ ಹಗ್ಗವಲ್ಲ, ದಾರ. ಸುಮ್ಮನೆ ಹರಿದರೆ ಶಿಷ್ಯರಿಗೆ ಇನ್ನೊಂದು ವರ್ಷ ಕಾಯುವ ಶಿಕ್ಷೆ. ಮೂರು ಸಲ ಹರಿದವರಿಗೆ ಮುಂದೆ ಯಾರೂ ಶಿಷ್ಯರನ್ನು ಕೊಡುವುದಿಲ್ಲ.

ನಾನೂ ಬೆನ್ನುಗಾರಳೇ, ನನ್ನ ದಾರ ಎರಡು ಸಲ ಹರಿದಿತ್ತು. ಆ ಶಿಷ್ಯರು ತಪ್ಪು ಮಾಡುತ್ತಿದ್ದರೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನಿಮ್ಮ ಮುಂದೆ ಸುಳ್ಳೇಕೆ? ಅವರಿಬ್ಬರೂ ಸರಿಯಾಗಿಯೇ ಮಾಡುತ್ತಿದ್ದರು. ನನ್ನ ಹಾಗೆ ಮಾಡುತ್ತಿರಲಿಲ್ಲ, ಅಷ್ಟೇ.

ಮೂರನೆಯವಳು ತಸ್ಲೀಮಾ, ಇಪ್ಪತ್ತನಾಲ್ಕರ ಚುರುಕು ಹೆಣ್ಣು. ಮೊದಲ ವರ್ಷ ನನ್ನ ಹೆಚ್ಚುಗಾರಿಕೆಗಳನ್ನೆಲ್ಲ ಹೇಳಿದೆ, ಅವಳು ಮರ್ಯಾದೆಯಿಂದ ಆಕಳಿಸಿದಳು. ಒಂದು ದಿನ ಮಾತಿಗೆ ಮಾತು ಬಂದು, ನಾನೊಮ್ಮೆ ಮದುವೆಯ ದಿಬ್ಬಣವನ್ನು ಕಬ್ಬಿನ ಹೊಲದಲ್ಲಿ ಇಳಿಸಿದ ಕಥೆ ಹೇಳಿದೆ. ಗಾಳಿ ತಿರುಗಿದ್ದು ತಿಳಿದೂ ಹಟದಿಂದ ನೆಟ್ಟಗೆ ಇಳಿಸಲು ಹೋಗಿದ್ದೆ. ವರ ಕಬ್ಬು ಸಿಗಿಯುತ್ತ ಕೂತ, ಊಟ ತಪ್ಪಿತು. ಎಲ್ಲರನ್ನೂ ನಗಿಸಲೆಂದು ಹೇಳುತ್ತಿದ್ದ ಕಥೆ ಅದು. ತಸ್ಲೀಮಾ ನಕ್ಕಳು, ನಕ್ಕು ಮುಗಿಸಿ ನಾಲ್ಕು ಪ್ರಶ್ನೆ ಕೇಳಿದಳು. ಅಂದಿನಿಂದ ನಾನು ನನ್ನ ತಪ್ಪುಗಳನ್ನು ಹುಡುಕಿ ಹುಡುಕಿ ಹೇಳತೊಡಗಿದೆ. ದೇವರ ದಯೆಯಿಂದ ಅವಕ್ಕೆ ಬರವಿರಲಿಲ್ಲ.

ಇವತ್ತು ಬೆಳಗ್ಗೆ ನನ್ನ ಕೈ ಕಟ್ಟಿದರು. ಮೂವತ್ತಾರು ಜನರನ್ನು ಹೊತ್ತ ದೋಣಿ ಗೋಳಗುಮ್ಮಟವನ್ನು ಬಲಕ್ಕೆ ಬಿಟ್ಟು ಇಳಿಯುವ ಕಟ್ಟೆಯ ಮೇಲೆ ಬಂದದ್ದೇ ತಡ, ಗಾಳಿ ತಿರುಗಿತು. ನಾನಾಗಿದ್ದರೆ ಹಗ್ಗ ಬಿಟ್ಟು ನೆಟ್ಟಗೆ ಇಳಿಸಲು ನೋಡುತ್ತಿದ್ದೆ. ಅವಳು ದೋಣಿಯನ್ನು ಕಟ್ಟೆಯಿಂದ ದೂರ ತಿರುಗಿಸಿದಳು! ‘ಇತ್ತ ತಾ’ ನಾಲಿಗೆಯ ತುದಿಗೆ ಬಂದಿತ್ತು, ಮಣಿಕಟ್ಟಿನಲ್ಲಿ ದಾರ ಬಿಗಿಯುತ್ತಿತ್ತು. ಸಾಲದ್ದಕ್ಕೆ ಮೂಗು ಬೇರೆ ತುರಿಸತೊಡಗಿತು.

ತಸ್ಲೀಮಾ ಹಿಂದೆ ತಿರುಗಲಿಲ್ಲ. “ಅಕ್ಕಾರ, ನಿಮ್ಮ ಉಸಿರು ಭಾಳ ಜೋರಾಗೈತ್ರಿ. ಗಾಳಿ ಸಪ್ಪಳಾನ ಕೇಳಸವಲ್ದು,” ಎಂದಳು.

ನಾನು ಉಸಿರು ಬಿಗಿಹಿಡಿದೆ. ದೋಣಿ ಅಗಲವಾಗಿ ಒಂದು ಸುತ್ತು ಹಾಕಿ, ಗಾಳಿಗೆ ಎದುರಾಗಿ ಬಂದು, ಸದ್ದಿಲ್ಲದೆ ಕಟ್ಟೆಯ ಮೇಲೆ ಕೂತಿತು. ಮುಂದಿನ ಸಾಲಿನ ಮುದುಕರೊಬ್ಬರಿಗೆ ನಿದ್ದೆಯಿಂದ ಎಚ್ಚರವೂ ಆಗಲಿಲ್ಲ. ದಾರ ಹಾಗೇ ಇತ್ತು.

ಅವಳು ಬಂದು ನನ್ನ ಮುಂದೆ ಕೂತಳು. “ನನಗೇನರ ಹೇಳೂದೈತೇನ್ರಿ?”

“ಐತಿ ತಂಗಿ. ಮದಲ ನನ್ನ ಮೂಗು ತುರಸು.”

ಇಡೀ ದೋಣಿ ನಕ್ಕಿತು, ಮುದುಕರೂ ಎಚ್ಚರಾದರು. ಆ ಸುತ್ತು ಹಾಕುವುದನ್ನು ಯಾರು ಕಲಿಸಿದರೆಂದು ಕೇಳಿದೆ.

“ನೀವರಿ. ಕಬ್ಬಿನ ಹೊಲದ ಕತಿ ಹೇಳಿದ್ರೆಲ್ರಿ. ಒಂದ ಸುತ್ತ ಹಾಕಿದ್ರ ಮದವಿ ಊಟ ತಪ್ಪತಿದ್ದಿಲ್ಲ ಅನಿಸ್ತು.”

ಇಪ್ಪತ್ತು ವರ್ಷ ನಾನೇ ಹೇಳಿಕೊಂಡು ಬಂದ ಕಥೆ, ನನಗೇ ಅರ್ಥವಾಗಿರಲಿಲ್ಲ. ಖುಷಿಗೆ ಅತ್ತುಬಿಟ್ಟೆ. ಅಜ್ಜಿ, ನಾನೇ ದೋಣಿ ಇಳಿಸಿದ ಯಾವ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಈಗ ನನ್ನದೊಂದು ಬೇಡಿಕೆ. ನಾಳೆ ಆ ಕೊನೆಯ ಮೇಜಿನ ಹುಡುಗಿ ಅರ್ಧ ಬಿಡಿಸಿದ ನಕ್ಷೆ ಹಿಡಿದು ಬರುತ್ತಾಳೆ. ಗೆರೆ ನಿಮ್ಮ ಗೆರೆಯ ಹಾಗಿರುವುದಿಲ್ಲ. ನಿಮ್ಮ ಕೈ ತಾನಾಗಿ ಪೆನ್ಸಿಲ್ಲಿನತ್ತ ಹೋಗುತ್ತದೆ, ಆ ಕೈ ನನಗೆ ಚೆನ್ನಾಗಿ ಗೊತ್ತು. ನಿಮ್ಮಲ್ಲಿ ಕೈಕಟ್ಟಿನ ದಾರವಿಲ್ಲ, ಎರಡೂ ಕೈಯಲ್ಲಿ ಸೆರಗಿನ ತುದಿಯನ್ನಾದರೂ ಹಿಡಿದುಕೊಂಡು ಕೂತಿರಿ. ನೀವೊಮ್ಮೆ ಕೆಡಿಸಿದ ನಕ್ಷೆಯ ಕಥೆ ಹೇಳಿ. ಆಮೇಲೆ ಅವಳು ಮುಗಿಸುವವರೆಗೆ ಸುಮ್ಮನಿರಿ.

ಮೂಗು ತುರಿಸುತ್ತದೆ. ತುರಿಸಲಿ.

ನಿಮ್ಮ
ನೀಲಗಂಗಾ